ಕಡಿಮೆ ಅಪಾಯದ ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ಸ್ಕ್ಯಾನ್ ಪರೀಕ್ಷೆಗಳು

ಪ್ರಾಸ್ಟೇಟ್ ಗ್ರಂಥಿಯೊಳಗೇ ಉಳಿದಿರುವ, ನಿಧಾನವಾಗಿ ಬೆಳೆಯುವ, ಬೇರೆಡೆಗೆ ಹರಡುವ ಸಂಭವ ತೀರಾ ಕಡಿಮೆ ಇರುವ ಕ್ಯಾನ್ಸರನ್ನು ಕಡಿಮೆ ಅಪಾಯದ ಪ್ರಾಸ್ಟೇಟ್ ಕ್ಯಾನ್ಸರ್ ಎನ್ನುತ್ತಾರೆ. ಇದನ್ನು ಅಳೆಯಲು ಇಂದು ಹೆಚ್ಚು ನೆಚ್ಚುವ ಸ್ಕ್ಯಾನ್ ಎಂದರೆ ಪ್ರಾಸ್ಟೇಟಿನ ಎಂಆರ್‌ಐ. ಬೋನ್ ಸ್ಕ್ಯಾನ್, ಸಿ.ಟಿ. ಸ್ಕ್ಯಾನ್ ಮತ್ತು ಪಿಎಸ್‌ಎಂಎ ಪೆಟ್ ಸ್ಕ್ಯಾನ್‌ಗಳು ಮುಖ್ಯವಾಗಿ ಗ್ರಂಥಿಯಾಚೆ ಹರಡಿದ ರೋಗವನ್ನು ಹುಡುಕುತ್ತವೆ. ಹರಡುವ ಸಂಭವವೇ ಇಲ್ಲದಷ್ಟು ಕಡಿಮೆ ಇರುವವರಿಗೆ ಅವುಗಳಿಂದ ಲಾಭ ಅಪರೂಪ, ತೊಂದರೆ ಮಾತ್ರ ಸಾಕಷ್ಟು. ಈ ರೋಗಿಗಳ ಮಟ್ಟಿಗೆ ಸ್ಕ್ಯಾನಿನಿಂದ ತಿಳಿಯಬೇಕಾದದ್ದು ಒಂದೇ ಸಂಗತಿ: ಬಯಾಪ್ಸಿ ವರದಿಯಲ್ಲಿ ಕಡಿಮೆ ಅಪಾಯದ್ದು ಎಂದು ಬಂದಿರುವ ಗಡ್ಡೆ ನಿಜಕ್ಕೂ ಅಷ್ಟೇಯೋ, ಅಥವಾ ಸೂಜಿಗೆ ಸಿಗದ ಜಾಗದಲ್ಲಿ ಇನ್ನೂ ಗಂಭೀರವಾದದ್ದು ಅಡಗಿದೆಯೋ?

ಗ್ರಂಥಿ ಮತ್ತು ರೋಗ

ಗಂಡಸರಲ್ಲಿ ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ, ಮೂತ್ರನಾಳವನ್ನು ಸುತ್ತುವರಿದು ಪ್ರಾಸ್ಟೇಟ್ ಗ್ರಂಥಿ ಇರುತ್ತದೆ. ಯೌವನದಲ್ಲಿ ದೊಡ್ಡ ನೆಲ್ಲಿಕಾಯಿಯಷ್ಟಿರುವ ಇದು ವಯಸ್ಸಾದಂತೆ ಹಿಗ್ಗುತ್ತದೆ. ಹಿಗ್ಗುವಿಕೆ ಹೆಚ್ಚಾಗಿ ಒಳವಲಯದಲ್ಲಿ ಆಗುತ್ತದೆ, ಅದು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಗುದನಾಳಕ್ಕೆ ಹತ್ತಿರವಿರುವ ಹೊರವಲಯದಲ್ಲಿ. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 14.7 ಲಕ್ಷ ಮಂದಿಗೆ ಈ ರೋಗ ಹೊಸದಾಗಿ ಪತ್ತೆಯಾಯಿತು, ಸುಮಾರು 4 ಲಕ್ಷ ಮಂದಿ ಇದರಿಂದ ತೀರಿಕೊಂಡರು.

ಪ್ರಾಣ ತೆಗೆಯುವ ಈ ರೋಗಕ್ಕೆ ನಿರುಪದ್ರವಿಯಾದ ರೂಪವೂ ಇದೆ. ಬೇರೆ ಕಾರಣಗಳಿಂದ ತೀರಿಕೊಂಡ ವೃದ್ಧರ ಶವಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, 80ರ ಆಸುಪಾಸು ದಾಟಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ಪ್ರಾಸ್ಟೇಟಿನಲ್ಲಿ ಕ್ಯಾನ್ಸರ್ ಕಣಗಳು ಕಂಡುಬಂದಿವೆ. ಬದುಕಿರುವಾಗ ಅವರಲ್ಲಿ ಬಹಳಷ್ಟು ಮಂದಿಗೆ ಅದರ ಸುಳಿವೇ ಇರಲಿಲ್ಲ. ಇಂಥ ಗಡ್ಡೆಯನ್ನು ಹುಡುಕಿ ತೆಗೆದರೆ ಆಯುಷ್ಯ ಹೆಚ್ಚುವುದಿಲ್ಲ, ಬದುಕಿನ ನೆಮ್ಮದಿ ಮಾತ್ರ ಕಡಿಮೆಯಾಗಬಹುದು.

ಅಪಾಯದ ವರ್ಗೀಕರಣ

ಅಪಾಯವನ್ನು ಮೂರು ಆಧಾರಗಳಿಂದ ಅಳೆಯುತ್ತಾರೆ. ಮೊದಲನೆಯದು ರಕ್ತದಲ್ಲಿರುವ ಪಿಎಸ್‌ಎ ಪ್ರೋಟೀನಿನ ಪ್ರಮಾಣ. ಎರಡನೆಯದು ವೈದ್ಯರು ಗುದದ್ವಾರದ ಮೂಲಕ ಬೆರಳಿನಿಂದ ಮುಟ್ಟಿ ನೋಡಿದಾಗ ತಿಳಿಯುವ ಗಡ್ಡೆಯ ವ್ಯಾಪ್ತಿ. ಮೂರನೆಯದು ಬಯಾಪ್ಸಿಯ ಚೂರಿನಲ್ಲಿ ಕಣಗಳು ಜೋಡಣೆಗೊಂಡಿರುವ ರೀತಿ. ಅಮೆರಿಕದ ರೋಗಶಾಸ್ತ್ರಜ್ಞ ಡೊನಾಲ್ಡ್ ಗ್ಲೀಸನ್ 1966ರಲ್ಲಿ ರೂಪಿಸಿದ ಅಂಕಪದ್ಧತಿ ಇದಕ್ಕೆ ಬುನಾದಿ. 2014ರಲ್ಲಿ ಅದನ್ನು ಪರಿಷ್ಕರಿಸಿ 1ರಿಂದ 5ರವರೆಗಿನ ಐದು ದರ್ಜೆಗಳನ್ನಾಗಿ ಸರಳಗೊಳಿಸಿದರು. ಹಳೆಯ ಲೆಕ್ಕದ ಗ್ಲೀಸನ್ 6 ಈಗ ದರ್ಜೆ 1.

ಅಮೆರಿಕದ ವೈದ್ಯ ಆಂಟನಿ ಡಿ'ಅಮಿಕೊ ಮತ್ತು ಸಂಗಡಿಗರು 1998ರಲ್ಲಿ ಮುಂದಿಟ್ಟ ವಿಂಗಡಣೆಯ ಪ್ರಕಾರ, ಪಿಎಸ್‌ಎ 10 ಅಥವಾ ಅದಕ್ಕಿಂತ ಕಡಿಮೆ, ಗ್ಲೀಸನ್ ಅಂಕ 6 ಅಥವಾ ಅದಕ್ಕಿಂತ ಕಡಿಮೆ, ಗಡ್ಡೆ ಕೈಗೆ ಸಿಗದಂತಿದ್ದರೆ ಅಥವಾ ಗ್ರಂಥಿಯ ಒಂದು ಪಾರ್ಶ್ವದ ಅರ್ಧದೊಳಗೆ ಇದ್ದರೆ ಅದು ಕಡಿಮೆ ಅಪಾಯದ್ದು. ಈ ಮೂರೂ ಒಟ್ಟಿಗೆ ಇರಬೇಕು. ಒಂದು ಮೀರಿದರೂ ರೋಗಿ ಮೇಲಿನ ವರ್ಗಕ್ಕೆ ಹೋಗುತ್ತಾನೆ. ಈ ವಿಂಗಡಣೆ ಹುಟ್ಟಿದ ಕಾಲಕ್ಕೆ ಎಂಆರ್‌ಐ ಅದರ ಭಾಗವಾಗಿರಲಿಲ್ಲ ಎಂಬುದನ್ನು ನೆನಪಿಡಬೇಕು.

ಸಕ್ರಿಯ ನಿಗಾ

ಕಡಿಮೆ ಅಪಾಯದ ಕ್ಯಾನ್ಸರಿಗೆ ಇಂದು ಮೊದಲು ಸೂಚಿಸುವ ದಾರಿ ಸಕ್ರಿಯ ನಿಗಾ. ತಕ್ಷಣ ಆಪರೇಷನ್ ಅಥವಾ ವಿಕಿರಣ ಚಿಕಿತ್ಸೆಗೆ ಹೋಗದೆ, ನಿಗದಿತ ಅವಧಿಗೊಮ್ಮೆ ಪಿಎಸ್‌ಎ, ಎಂಆರ್‌ಐ, ಬಯಾಪ್ಸಿಗಳಿಂದ ಗಡ್ಡೆಯ ಮೇಲೆ ಕಣ್ಣಿಟ್ಟು, ಅದು ಬಲಿಯುವ ಲಕ್ಷಣ ಕಂಡಾಗ ಮಾತ್ರ ಚಿಕಿತ್ಸೆ ಕೊಡುವುದು ಇದರ ಕ್ರಮ. ಕೆನಡಾದ ಟೊರಾಂಟೊ ನಗರದಲ್ಲಿ ಲಾರೆನ್ಸ್ ಕ್ಲಾಟ್ಜ್ ಮತ್ತು ಅವರ ತಂಡ 1995ರಲ್ಲಿ ಇದನ್ನು ವ್ಯವಸ್ಥಿತವಾಗಿ ಆರಂಭಿಸಿದರು. 2015ರಲ್ಲಿ ಪ್ರಕಟವಾದ ಅವರ ವರದಿಯಲ್ಲಿದ್ದ 993 ರೋಗಿಗಳಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನಿಂದಲೇ ತೀರಿಕೊಂಡವರು 15 ಮಂದಿ.

ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನ 1,643 ಮಂದಿಯನ್ನು ಲಾಟರಿ ಎತ್ತಿದಂತೆ ನಿಗಾ, ಆಪರೇಷನ್, ವಿಕಿರಣ ಎಂಬ ಮೂರು ಗುಂಪುಗಳಿಗೆ ಹಂಚಿತು. 15 ವರ್ಷಗಳ ನಂತರದ ಫಲಿತಾಂಶ 2023ರಲ್ಲಿ ಬಂತು. ಈ ಕ್ಯಾನ್ಸರಿನಿಂದ ಸತ್ತವರು ನಿಗಾ ಗುಂಪಿನಲ್ಲಿ ಶೇ. 3.1, ಆಪರೇಷನ್ ಗುಂಪಿನಲ್ಲಿ ಶೇ. 2.2, ವಿಕಿರಣ ಗುಂಪಿನಲ್ಲಿ ಶೇ. 2.9. ಸಾವಿನ ಲೆಕ್ಕದಲ್ಲಿ ಗಣನೀಯ ವ್ಯತ್ಯಾಸವಿಲ್ಲ. ಆದರೆ ರೋಗ ದೂರದ ಅಂಗಗಳಿಗೆ ಹರಡಿದ್ದು ನಿಗಾ ಗುಂಪಿನಲ್ಲಿ ಶೇ. 9.4, ಉಳಿದೆರಡರಲ್ಲಿ ಸುಮಾರು ಶೇ. 5. ಇನ್ನೊಂದು ಬದಿಯಲ್ಲಿ, ಆಪರೇಷನ್ ಆದ ಆರು ತಿಂಗಳಿಗೆ ಶೇ. 46 ಮಂದಿ ಮೂತ್ರ ಸೋರಿಕೆಗೆ ಪ್ಯಾಡ್ ಬಳಸುತ್ತಿದ್ದರು, ನಿಗಾದಲ್ಲಿದ್ದವರಲ್ಲಿ ಶೇ. 4 ಮಾತ್ರ.

ಪ್ರೊಟೆಕ್ಟ್‌ಗೆ ಸೇರಿದವರನ್ನು ಆರಿಸಿದ್ದು ಪಿಎಸ್‌ಎ ಮತ್ತು ಹಳೆಯ ಬಗೆಯ ಬಯಾಪ್ಸಿಯಿಂದ, ಎಂಆರ್‌ಐ ಇಲ್ಲದೆ. ಅವರಲ್ಲಿ ಮಧ್ಯಮ ಅಪಾಯದವರೂ ಸ್ವಲ್ಪ ಹೆಚ್ಚು ಅಪಾಯದವರೂ ಇದ್ದರು. ನಿಗಾ ಯಾರಿಗೆ ತಕ್ಕದ್ದು ಎಂಬುದನ್ನು ಇನ್ನೂ ಖಚಿತವಾಗಿ ಆರಿಸಬೇಕೆಂಬುದು ಇದರಿಂದ ತಿಳಿಯುತ್ತದೆ. ಎಂಆರ್‌ಐ ಆ ಆಯ್ಕೆಯ ಸಾಧನವಾಗಿ ಬೆಳೆಯಿತು.

ಹಳೆಯ ಬಯಾಪ್ಸಿಯ ಮಿತಿ

ದಶಕಗಳ ಕಾಲ ಪ್ರಾಸ್ಟೇಟ್ ಬಯಾಪ್ಸಿ ಎಂದರೆ ಗುದನಾಳದೊಳಗೆ ಇಟ್ಟ ಅಲ್ಟ್ರಾಸೌಂಡ್ ಕೊಳವೆಯ ನೆರವಿನಿಂದ ಗ್ರಂಥಿಯ ಬೇರೆಬೇರೆ ಭಾಗಗಳಿಂದ ಸಾಮಾನ್ಯವಾಗಿ 10ರಿಂದ 12 ಚೂರು ತೆಗೆಯುವುದು. ಅಲ್ಟ್ರಾಸೌಂಡಿನಲ್ಲಿ ಗ್ರಂಥಿ ಕಾಣುತ್ತದೆ, ಆದರೆ ಗಡ್ಡೆ ಬಹಳ ಸಲ ಕಾಣುವುದಿಲ್ಲ. ಹಾಗಾಗಿ ಸೂಜಿ ಅಂದಾಜಿನಲ್ಲಿ ಹೋಗುತ್ತದೆ. ಗ್ರಂಥಿಯ ಮುಂಭಾಗದ ಗಡ್ಡೆ ತಪ್ಪಿಹೋಗಬಹುದು, ದೊಡ್ಡ ಗಡ್ಡೆಯ ಅಂಚಷ್ಟೇ ಸಿಗಬಹುದು. ಕಡಿಮೆ ಅಪಾಯ ಎಂದು ವರದಿಯಾಗಿ ಆಪರೇಷನ್ ಮಾಡಿಸಿಕೊಂಡವರ ಗ್ರಂಥಿಯನ್ನು ಪೂರ್ತಿಯಾಗಿ ಪರೀಕ್ಷಿಸಿದಾಗ, ಹಲವು ಅಧ್ಯಯನಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಮಂದಿಯಲ್ಲಿ ಮೇಲಿನ ದರ್ಜೆಯ ಕ್ಯಾನ್ಸರ್ ಸಿಕ್ಕಿದೆ.

ಎಂಆರ್‌ಐ ಏನನ್ನು ತೋರಿಸುತ್ತದೆ

ಪ್ರಾಸ್ಟೇಟಿಗೆ ಮಾಡುವ ಮಲ್ಟಿಪ್ಯಾರಾಮೆಟ್ರಿಕ್ ಎಂಆರ್‌ಐಯಲ್ಲಿ ಮೂರು ಬಗೆಯ ಚಿತ್ರಗಳನ್ನು ಒಂದೇ ಸಲಕ್ಕೆ ತೆಗೆಯುತ್ತಾರೆ. ಮೊದಲನೆಯದು ಟಿ2 ಚಿತ್ರ. ಇದರಲ್ಲಿ ಆರೋಗ್ಯವಂತ ಹೊರವಲಯ ನೀರಿನಂಶದಿಂದಾಗಿ ಬೆಳ್ಳಗೆ ಹೊಳೆಯುತ್ತದೆ, ಗಡ್ಡೆ ಅದರ ನಡುವೆ ಕಪ್ಪು ಮಚ್ಚೆಯಾಗಿ ಕಾಣುತ್ತದೆ. ಎರಡನೆಯದು ಡಿಫ್ಯೂಷನ್ ಚಿತ್ರ. ಅಂಗಾಂಶದಲ್ಲಿ ನೀರಿನ ಅಣುಗಳು ಎಷ್ಟು ಸಲೀಸಾಗಿ ಓಡಾಡುತ್ತವೆ ಎಂಬುದನ್ನು ಇದು ಅಳೆಯುತ್ತದೆ. ಕ್ಯಾನ್ಸರ್ ಕಣಗಳು ಒತ್ತೊತ್ತಾಗಿ ಕಿಕ್ಕಿರಿದಿರುವುದರಿಂದ ಅಲ್ಲಿ ನೀರಿನ ಓಡಾಟಕ್ಕೆ ತಡೆ ಬೀಳುತ್ತದೆ. ಆ ಜಾಗ ಡಿಫ್ಯೂಷನ್ ಚಿತ್ರದಲ್ಲಿ ಬೆಳ್ಳಗೆ, ಅದರಿಂದಲೇ ಲೆಕ್ಕಹಾಕಿದ ಎಡಿಸಿ ನಕ್ಷೆಯಲ್ಲಿ ಕಪ್ಪಗೆ ಬರುತ್ತದೆ. ಒಂದೇ ಜಾಗ ಒಂದರಲ್ಲಿ ಬಿಳುಪು, ಇನ್ನೊಂದರಲ್ಲಿ ಕಪ್ಪು ಆದಾಗ ರೇಡಿಯಾಲಜಿಸ್ಟ್ ಎಚ್ಚರಗೊಳ್ಳುತ್ತಾರೆ. ಮೂರನೆಯದು ಗ್ಯಾಡೊಲಿನಿಯಮ್ ಔಷಧವನ್ನು ರಕ್ತನಾಳಕ್ಕೆ ಕೊಟ್ಟು ಅದು ಎಷ್ಟು ಬೇಗ ಒಳಹರಿಯುತ್ತದೆ ಎಂದು ನೋಡುವ ಚಿತ್ರ. ಗಡ್ಡೆಗೆ ಅದು ಬೇಗ ತಲುಪುತ್ತದೆ.

ಪರೀಕ್ಷೆಗೆ ಸುಮಾರು 30ರಿಂದ 45 ನಿಮಿಷ ಬೇಕು. ಎಕ್ಸ್‌ರೇ ವಿಕಿರಣ ಇರುವುದಿಲ್ಲ. 1.5 ಟೆಸ್ಲಾ ಮತ್ತು 3 ಟೆಸ್ಲಾ ಯಂತ್ರಗಳೆರಡರಲ್ಲೂ ಮಾಡಬಹುದು, 3 ಟೆಸ್ಲಾದಲ್ಲಿ ಚಿತ್ರ ಸಾಮಾನ್ಯವಾಗಿ ಹೆಚ್ಚು ಸ್ಪಷ್ಟ. ಹಿಂದೆ ಗುದನಾಳದೊಳಗೆ ಇಡುತ್ತಿದ್ದ ಕಾಯಿಲ್ ಈಗ ಹೆಚ್ಚಿನವರಿಗೆ ಬೇಕಿಲ್ಲ. ಹೃದಯದ ಪೇಸ್‌ಮೇಕರ್ ಇದ್ದವರು, ಮೂತ್ರಪಿಂಡ ತೀರಾ ದುರ್ಬಲವಾಗಿರುವವರು ಮೊದಲೇ ತಿಳಿಸಬೇಕು. ಸೊಂಟದ ಕೀಲಿಗೆ ಲೋಹದ ಬದಲಿ ಹಾಕಿಸಿಕೊಂಡವರಲ್ಲಿ ಡಿಫ್ಯೂಷನ್ ಚಿತ್ರ ವಿಕಾರಗೊಳ್ಳಬಹುದು. ಬಯಾಪ್ಸಿಯಾದ ಮೇಲೆ ಗ್ರಂಥಿಯೊಳಗೆ ಉಳಿಯುವ ರಕ್ತ ಗಡ್ಡೆಯ ಸೋಗು ಹಾಕುತ್ತದೆ. ಅದಕ್ಕಾಗಿ ಕೆಲವು ವಾರ ಕಾಯಬೇಕಾಗುತ್ತದೆ. ಬಯಾಪ್ಸಿಗಿಂತ ಮೊದಲೇ ಎಂಆರ್‌ಐ ಮಾಡಿಸುವುದು ಮೇಲು ಎನ್ನಲು ಇದೂ ಒಂದು ಕಾರಣ.

ವರದಿ ಬರೆಯಲು ಪೈ-ರಾಡ್ಸ್ ಎಂಬ ಅಂತರರಾಷ್ಟ್ರೀಯ ಪದ್ಧತಿ ಇದೆ. 2012ರಲ್ಲಿ ಯುರೋಪಿನ ರೇಡಿಯಾಲಜಿಸ್ಟರು ಇದನ್ನು ಆರಂಭಿಸಿದರು, 2015 ಮತ್ತು 2019ರಲ್ಲಿ ಪರಿಷ್ಕರಣೆಗಳಾದವು. ಅಂಕ 1 ಅಥವಾ 2 ಬಂದರೆ ಚಿಕಿತ್ಸೆ ಬೇಕಾಗುವಂಥ ಕ್ಯಾನ್ಸರ್ ಇರುವ ಸಂಭವ ಕಡಿಮೆ, 4 ಅಥವಾ 5 ಬಂದರೆ ಹೆಚ್ಚು, 3 ಬಂದರೆ ಎರಡೂ ಕಡೆಗೆ ತೂಗುವ ಅನುಮಾನ. ಹೊರವಲಯದ ಗಡ್ಡೆಗೆ ಡಿಫ್ಯೂಷನ್ ಚಿತ್ರವೂ ಒಳವಲಯದ ಗಡ್ಡೆಗೆ ಟಿ2 ಚಿತ್ರವೂ ಮುಖ್ಯ ಆಧಾರ. ಪೈ-ರಾಡ್ಸ್ ಅಂಕ ಹೇಳುವುದು ಸಂಭವವನ್ನು ಮಾತ್ರ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು ಬಯಾಪ್ಸಿಯೇ.

ನಂಬಿಕೆಗೆ ಆಧಾರವಾದ ಅಧ್ಯಯನಗಳು

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ನೇತೃತ್ವದಲ್ಲಿ ನಡೆದ ಪ್ರಾಮಿಸ್ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅದರಲ್ಲಿ 576 ಮಂದಿಗೆ ಎಂಆರ್‌ಐ, ಹಳೆಯ ಬಗೆಯ ಬಯಾಪ್ಸಿ, ಜೊತೆಗೆ ಗ್ರಂಥಿಯುದ್ದಕ್ಕೂ 5 ಮಿಲಿಮೀಟರಿಗೊಂದು ಚೂರು ತೆಗೆಯುವ ನಕ್ಷೆ ಬಯಾಪ್ಸಿ ಮಾಡಿದರು. ಈ ಕೊನೆಯದನ್ನು ಸತ್ಯದ ಅಳತೆಗೋಲಾಗಿ ಇಟ್ಟುಕೊಂಡು ನೋಡಿದಾಗ, ಗಂಭೀರ ಕ್ಯಾನ್ಸರನ್ನು ಎಂಆರ್‌ಐ ಶೇ. 93ರಷ್ಟು ಪ್ರಕರಣಗಳಲ್ಲಿ ಗುರುತಿಸಿತ್ತು, ಹಳೆಯ ಬಯಾಪ್ಸಿ ಶೇ. 48ರಲ್ಲಿ. ಎಂಆರ್‌ಐ ನೋಡಿ ಮುಂದುವರಿದಿದ್ದರೆ ಸುಮಾರು ಕಾಲುಭಾಗ ಮಂದಿಗೆ ಬಯಾಪ್ಸಿಯೇ ಬೇಕಿರಲಿಲ್ಲ. ಕೊರತೆಯೂ ಅಷ್ಟೇ ಸ್ಪಷ್ಟವಾಗಿ ಕಂಡಿತು: ಗಂಭೀರ ಕ್ಯಾನ್ಸರ್ ಇಲ್ಲದವರಲ್ಲಿ ಎಂಆರ್‌ಐ ಸರಿಯಾಗಿ ಇಲ್ಲ ಎಂದದ್ದು ಶೇ. 41 ಮಂದಿಗೆ ಮಾತ್ರ. ಅದು ಹುಸಿ ಗಾಬರಿಯನ್ನೂ ಎಬ್ಬಿಸುತ್ತದೆ.

2018ರ ಪ್ರಿಸಿಷನ್ ಅಧ್ಯಯನದಲ್ಲಿ 500 ಮಂದಿಯನ್ನು ಎರಡು ಗುಂಪು ಮಾಡಿದರು. ಎಂಆರ್‌ಐ ತೋರಿಸಿದ ಜಾಗಕ್ಕೆ ಗುರಿಯಿಟ್ಟು ಬಯಾಪ್ಸಿ ಮಾಡುವ ಗುಂಪಿನಲ್ಲಿ ಶೇ. 38 ಮಂದಿಗೆ ಗಂಭೀರ ಕ್ಯಾನ್ಸರ್ ಸಿಕ್ಕಿತು, ಹಳೆಯ ಕ್ರಮದಲ್ಲಿ ಶೇ. 26 ಮಂದಿಗೆ. ನಿರುಪದ್ರವಿ ಕ್ಯಾನ್ಸರ್ ಸಿಕ್ಕಿದ್ದು ಮೊದಲ ಗುಂಪಿನಲ್ಲಿ ಶೇ. 9, ಎರಡನೆಯದರಲ್ಲಿ ಶೇ. 22. ಹುಡುಕಬೇಕಾದದ್ದು ಹೆಚ್ಚು ಸಿಕ್ಕಿ, ಹುಡುಕಬಾರದ್ದು ಕಡಿಮೆ ಸಿಕ್ಕಿತು. ಸ್ವೀಡನ್ನಿನ ಗೋಥೆನ್‌ಬರ್ಗ್-2 ತಪಾಸಣಾ ಅಧ್ಯಯನವೂ 2022ರಲ್ಲಿ ಇದೇ ದಿಕ್ಕನ್ನು ತೋರಿತು: ಎಂಆರ್‌ಐಯಲ್ಲಿ ಅನುಮಾನದ ಜಾಗ ಕಂಡವರಿಗೆ ಮಾತ್ರ, ಆ ಜಾಗದಿಂದ ಮಾತ್ರ ಬಯಾಪ್ಸಿ ಮಾಡಿದಾಗ ನಿರುಪದ್ರವಿ ಕ್ಯಾನ್ಸರ್ ಪತ್ತೆಯಾಗುವುದು ಅರ್ಧಕ್ಕೆ ಇಳಿಯಿತು. 2019ರಿಂದ ಬ್ರಿಟನ್ನಿನ ನೈಸ್ ಸಂಸ್ಥೆಯ ಮತ್ತು ಯುರೋಪಿನ ಮೂತ್ರರೋಗ ತಜ್ಞರ ಮಾರ್ಗಸೂಚಿಗಳು ಬಯಾಪ್ಸಿಗೆ ಮೊದಲು ಎಂಆರ್‌ಐ ಮಾಡಿಸಲು ಹೇಳುತ್ತಿವೆ.

ಪಿಎಸ್‌ಎ ಸಾಂದ್ರತೆ

ಎಂಆರ್‌ಐಯಿಂದ ಸಿಗುವ ಇನ್ನೊಂದು ಉಪಯುಕ್ತ ಮಾಹಿತಿ ಗ್ರಂಥಿಯ ಗಾತ್ರ. ಉದ್ದ, ಅಗಲ, ಎತ್ತರಗಳನ್ನು ಗುಣಿಸಿ, ಬಂದದ್ದನ್ನು 0.52ರಿಂದ ಗುಣಿಸಿದರೆ ಗಾತ್ರ ಸಿಗುತ್ತದೆ. ಪಿಎಸ್‌ಎಯನ್ನು ಈ ಗಾತ್ರದಿಂದ ಭಾಗಿಸಿದಾಗ ಬರುವುದೇ ಪಿಎಸ್‌ಎ ಸಾಂದ್ರತೆ. ಇಬ್ಬರಿಗೂ ಪಿಎಸ್‌ಎ 6 ಇದೆ ಎಂದುಕೊಳ್ಳೋಣ. ಒಬ್ಬರ ಗ್ರಂಥಿ 60 ಮಿಲಿಲೀಟರ್, ಸಾಂದ್ರತೆ 0.10. ಇನ್ನೊಬ್ಬರದು 30 ಮಿಲಿಲೀಟರ್, ಸಾಂದ್ರತೆ 0.20. ಮೊದಲನೆಯವರಲ್ಲಿ ಪಿಎಸ್‌ಎ ಏರಿಕೆಗೆ ಹಿಗ್ಗಿದ ಗ್ರಂಥಿಯೇ ಕಾರಣವಿರಬಹುದು. ಎರಡನೆಯವರ ಬಗ್ಗೆ ಹೆಚ್ಚು ಎಚ್ಚರ ಬೇಕು. 0.15 ಎಂಬುದು ಸಾಮಾನ್ಯವಾಗಿ ಬಳಸುವ ಗಡಿ. ಎಂಆರ್‌ಐ ಶುದ್ಧವಾಗಿದ್ದು ಸಾಂದ್ರತೆಯೂ ಕಡಿಮೆ ಇದ್ದರೆ ಬಯಾಪ್ಸಿಯನ್ನು ಮುಂದೂಡುವ ಧೈರ್ಯ ವೈದ್ಯರಿಗೂ ರೋಗಿಗೂ ಬರುತ್ತದೆ.

ನಿಗಾ ಅವಧಿಯಲ್ಲಿ ಎಂಆರ್‌ಐ

ಬಯಾಪ್ಸಿಗೆ ಮೊದಲು ಎಂಆರ್‌ಐ ಆಗದವರಿಗೆ ನಿಗಾ ಆರಂಭಿಸುವಾಗ ಅದನ್ನು ಮಾಡಿಸಬೇಕು. ಅನುಮಾನದ ಜಾಗ ಕಂಡರೆ ಅಲ್ಲಿಗೆ ಗುರಿಯಿಟ್ಟು ಮತ್ತೆ ಬಯಾಪ್ಸಿ ಮಾಡುತ್ತಾರೆ. ಎಂಆರ್‌ಐ ಚಿತ್ರವನ್ನು ಅಲ್ಟ್ರಾಸೌಂಡ್ ಚಿತ್ರದ ಮೇಲೆ ಕಂಪ್ಯೂಟರಿನಲ್ಲಿ ಕೂಡಿಸಿ ಸೂಜಿಗೆ ದಾರಿ ತೋರುವ ವಿಧಾನಕ್ಕೆ ಫ್ಯೂಷನ್ ಬಯಾಪ್ಸಿ ಎನ್ನುತ್ತಾರೆ. ಕೆನಡಾ ಮೂಲದ ಅಸಿಸ್ಟ್ ಅಧ್ಯಯನದಲ್ಲಿ ಮೊದಲ ಮರುಬಯಾಪ್ಸಿಯ ವೇಳೆ ಎಂಆರ್‌ಐ ಇದ್ದವರಿಗೂ ಇಲ್ಲದವರಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಎರಡು ವರ್ಷಗಳ ಹೊತ್ತಿಗೆ ನಿಗಾ ವಿಫಲವಾದದ್ದು ಎಂಆರ್‌ಐ ಗುಂಪಿನಲ್ಲಿ ಶೇ. 19, ಇನ್ನೊಂದರಲ್ಲಿ ಶೇ. 35. ಆರಂಭದಲ್ಲೇ ಸರಿಯಾಗಿ ಆರಿಸಿದರೆ ಮುಂದೆ ಅನಿರೀಕ್ಷಿತಗಳು ಕಡಿಮೆ ಎಂಬುದು ಇದರಿಂದ ತಿಳಿಯುತ್ತದೆ.

ನೈಸ್ ಮಾರ್ಗಸೂಚಿಯಲ್ಲಿ ನಿಗಾದ ಮೊದಲ ವರ್ಷ 3–4 ತಿಂಗಳಿಗೊಮ್ಮೆ ಪಿಎಸ್‌ಎ, 12ರಿಂದ 18 ತಿಂಗಳೊಳಗೆ ಒಂದು ಎಂಆರ್‌ಐ, ಆಮೇಲೆ ಆರು ತಿಂಗಳಿಗೊಮ್ಮೆ ಪಿಎಸ್‌ಎ ಇದೆ. ಹಳೆಯ ಮತ್ತು ಹೊಸ ಎಂಆರ್‌ಐಗಳನ್ನು ಹೋಲಿಸಿ ವರದಿ ಮಾಡಲು ಪ್ರಿಸೈಸ್ ಎಂಬ ಪದ್ಧತಿ 2016ರಲ್ಲಿ ರೂಪುಗೊಂಡಿತು. ಇದರಲ್ಲಿ 1 ಮತ್ತು 2 ಎಂದರೆ ಗಡ್ಡೆ ಕುಗ್ಗಿದೆ, 3 ಎಂದರೆ ಹಾಗೇ ಇದೆ, 4 ಮತ್ತು 5 ಎಂದರೆ ಬೆಳೆದಿದೆ.

ಎಂಆರ್‌ಐ ಶುದ್ಧವಾಗಿ ಬಂದಿತೆಂದು ನಿಗಾವನ್ನು ಕೈಬಿಡುವಂತಿಲ್ಲ. ಗಂಭೀರ ಕ್ಯಾನ್ಸರುಗಳಲ್ಲಿ ಕೆಲವು ಎಂಆರ್‌ಐಗೆ ಕಾಣದೆ ಉಳಿಯುತ್ತವೆ. ಚಿತ್ರದ ಗುಣಮಟ್ಟ ಮತ್ತು ಓದುವವರ ಅನುಭವದ ಮೇಲೆ ಫಲಿತಾಂಶ ಬಹಳ ಮಟ್ಟಿಗೆ ನಿಂತಿದೆ. ಕುಟುಂಬದಲ್ಲಿ ಈ ರೋಗದಿಂದ ಸತ್ತವರಿದ್ದರೆ ಅಥವಾ ಬಿಆರ್‌ಸಿಎ2 ಜೀನಿನ ದೋಷವಿದ್ದರೆ ಹೆಚ್ಚು ಜಾಗ್ರತೆ ಅಗತ್ಯ.

ಬೋನ್ ಸ್ಕ್ಯಾನ್ ಮತ್ತು ಸಿ.ಟಿ.

ಪ್ರಾಸ್ಟೇಟ್ ಕ್ಯಾನ್ಸರ್ ಹರಡಿದರೆ ಮೂಳೆಗಳಿಗೆ ಹೋಗುವುದು ಹೆಚ್ಚು. ಟೆಕ್ನೀಷಿಯಂ ಎಂಬ ವಿಕಿರಣಶೀಲ ವಸ್ತುವನ್ನು ಬಳಸುವ ಬೋನ್ ಸ್ಕ್ಯಾನ್ ಇದನ್ನು ಪತ್ತೆಹಚ್ಚುತ್ತದೆ. ಆದರೆ ಮೂಳೆ ಸವೆತ, ಹಳೆಯ ಪೆಟ್ಟು ಕೂಡ ಅದರಲ್ಲಿ ಹೊಳೆಯುತ್ತವೆ. ಕಡಿಮೆ ಅಪಾಯದವರಿಗೆ ಬೋನ್ ಸ್ಕ್ಯಾನ್, ಸಿ.ಟಿ., ಪೆಟ್ ಮಾಡಿಸಬಾರದು ಎಂಬುದನ್ನು ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2012ರಲ್ಲಿ ತನ್ನ ಐದು ಮುಖ್ಯ ಸಲಹೆಗಳಲ್ಲಿ ಒಂದಾಗಿ ಸಾರಿತು.

ಸ್ವೀಡನ್ ಇದನ್ನು ಇನ್ನೂ ಮೊದಲೇ ಸಾಧಿಸಿ ತೋರಿಸಿತ್ತು. ಅಲ್ಲಿನ ರಾಷ್ಟ್ರೀಯ ಪ್ರಾಸ್ಟೇಟ್ ಕ್ಯಾನ್ಸರ್ ನೋಂದಣಿ ಸಂಸ್ಥೆ 2000ದಿಂದ ಪ್ರತಿ ಪ್ರದೇಶದ ಸ್ಕ್ಯಾನ್ ಅಂಕಿಅಂಶಗಳನ್ನು ಅಲ್ಲಿನ ಮೂತ್ರರೋಗ ತಜ್ಞರ ಮುಂದೆ ಇಡುತ್ತ, ಅನಗತ್ಯ ಸ್ಕ್ಯಾನ್ ನಿಲ್ಲಿಸಲು ಒತ್ತಾಯಿಸಿತು. ಕಡಿಮೆ ಅಪಾಯದವರಲ್ಲಿ ಸ್ಕ್ಯಾನ್ ಮಾಡಿಸುವ ಪ್ರಮಾಣ 1998ರಲ್ಲಿ ಶೇ. 45 ಇದ್ದದ್ದು 2009ಕ್ಕೆ ಶೇ. 3ಕ್ಕೆ ಇಳಿಯಿತು. ಹೆಚ್ಚು ಅಪಾಯದವರಲ್ಲಿ, ಅಂದರೆ ಸ್ಕ್ಯಾನ್ ನಿಜಕ್ಕೂ ಬೇಕಾದವರಲ್ಲಿಯೂ ಅದು ಶೇ. 63ರಿಂದ 47ಕ್ಕೆ ಇಳಿದದ್ದು ಈ ಪ್ರಯತ್ನದ ಅನಪೇಕ್ಷಿತ ಫಲ. ಮಾರ್ಗಸೂಚಿ ಎರಡೂ ಬದಿಗೆ ಸಮನಾಗಿ ಪಾಲನೆಯಾಗಬೇಕು ಎಂಬ ಪಾಠ ಇದರಲ್ಲಿದೆ.

ಪಿಎಸ್‌ಎಂಎ ಪೆಟ್ ಸ್ಕ್ಯಾನ್

ಪ್ರಾಸ್ಟೇಟ್ ಕ್ಯಾನ್ಸರ್ ಕಣಗಳ ಮೇಲ್ಮೈಯಲ್ಲಿ ಪಿಎಸ್‌ಎಂಎ ಎಂಬ ಪ್ರೋಟೀನ್ ಹೇರಳವಾಗಿರುತ್ತದೆ. ಇದಕ್ಕೆ ಅಂಟಿಕೊಳ್ಳುವ ಅಣುವಿಗೆ ಗ್ಯಾಲಿಯಂ-68 ಅಥವಾ ಫ್ಲೋರಿನ್-18 ಜೋಡಿಸಿ ರಕ್ತಕ್ಕೆ ಕೊಟ್ಟರೆ, ಕ್ಯಾನ್ಸರ್ ಇರುವ ಜಾಗಗಳು ಪೆಟ್ ಚಿತ್ರದಲ್ಲಿ ಬೆಳಗುತ್ತವೆ. ಗ್ಯಾಲಿಯಂ-68ರ ಅರ್ಧಾಯುಷ್ಯ 68 ನಿಮಿಷ, ಫ್ಲೋರಿನ್-18ರದ್ದು ಸುಮಾರು 110 ನಿಮಿಷ. ಹಾಗಾಗಿ ಗ್ಯಾಲಿಯಂ ಅನ್ನು ಆಸ್ಪತ್ರೆಯಲ್ಲೇ ಜನರೇಟರಿನಿಂದ ಪಡೆಯುತ್ತಾರೆ, ಫ್ಲೋರಿನ್ ಹತ್ತಿರದ ಸೈಕ್ಲೊಟ್ರಾನಿನಿಂದ ಬರುತ್ತದೆ. ಆಸ್ಟ್ರೇಲಿಯಾದ ಪ್ರೊಪಿಎಸ್‌ಎಂಎ ಅಧ್ಯಯನ 2020ರಲ್ಲಿ ಹೆಚ್ಚು ಅಪಾಯದ 302 ರೋಗಿಗಳಲ್ಲಿ ಇದರ ನಿಖರತೆ ಶೇ. 92 ಎಂದೂ, ಸಿ.ಟಿ. ಮತ್ತು ಬೋನ್ ಸ್ಕ್ಯಾನ್ ಜೋಡಿಯದ್ದು ಶೇ. 65 ಎಂದೂ ತೋರಿಸಿತು. ಹೆಚ್ಚು ಅಪಾಯದವರಿಗೆ ಇದು ದೊಡ್ಡ ವರ.

ಅದೇ ಸ್ಕ್ಯಾನ್ ಕಡಿಮೆ ಅಪಾಯದವರಲ್ಲಿ ದಾರಿ ತಪ್ಪಿಸುವುದು ಹೇಗೆ ಎಂಬುದಕ್ಕೆ ಒಂದು ಕಲ್ಪಿತ ಲೆಕ್ಕ ನೋಡಬಹುದು. ಇಂಥ 1,000 ಮಂದಿಯಲ್ಲಿ 5 ಮಂದಿಗೆ ರೋಗ ಹರಡಿದೆ ಎಂದಿಟ್ಟುಕೊಳ್ಳೋಣ. ಸ್ಕ್ಯಾನ್ ಅವರಲ್ಲಿ 4 ಮಂದಿಯನ್ನು ಹಿಡಿಯುತ್ತದೆ, ರೋಗ ಹರಡದವರಲ್ಲಿ ಶೇ. 95 ಮಂದಿಗೆ ಸರಿಯಾಗಿ ಇಲ್ಲ ಎನ್ನುತ್ತದೆ ಎಂದುಕೊಂಡರೂ, ಉಳಿದ ಸುಮಾರು 50 ಮಂದಿಗೆ ಹರಡಿದೆ ಎಂಬ ಹುಸಿ ವರದಿ ಬರುತ್ತದೆ. ವರದಿಯಲ್ಲಿ ರೋಗ ಹರಡಿದೆ ಎನಿಸಿಕೊಂಡ 54 ಮಂದಿಯಲ್ಲಿ 50 ಮಂದಿಯ ಗಾಬರಿಗೆ, ಮುಂದಿನ ಸ್ಕ್ಯಾನಿಗೆ, ಮೂಳೆ ಬಯಾಪ್ಸಿಗೆ ಆಧಾರವೇ ಇಲ್ಲ. ಪಕ್ಕೆಲುಬಿನ ಚಿಕ್ಕ ಗುರುತುಗಳು, ಹೊಟ್ಟೆಯ ಹಿಂಭಾಗದ ನರಗ್ರಂಥಿಗಳು, ಪ್ಯಾಜೆಟ್ ಎಂಬ ಮೂಳೆರೋಗ ಕೂಡ ಪಿಎಸ್‌ಎಂಎ ಸ್ಕ್ಯಾನಿನಲ್ಲಿ ಹೊಳೆಯುತ್ತವೆ ಎಂಬುದು ತಜ್ಞರಿಗೆ ಚೆನ್ನಾಗಿ ತಿಳಿದ ವಿಷಯ.

ಗ್ರಂಥಿಯೊಳಗಿನ ಗಡ್ಡೆಯನ್ನು ಗುರುತಿಸುವಲ್ಲಿ ಇದರ ಪಾತ್ರ ಇನ್ನೂ ಅಧ್ಯಯನದ ಹಂತದಲ್ಲಿದೆ. ಆಸ್ಟ್ರೇಲಿಯಾದ ಪ್ರೈಮರಿ ಅಧ್ಯಯನ 2021ರಲ್ಲಿ 291 ಮಂದಿಯಲ್ಲಿ ಎಂಆರ್‌ಐ ಜೊತೆಗೆ ಪಿಎಸ್‌ಎಂಎ ಪೆಟ್ ಸೇರಿಸಿದಾಗ ಗಂಭೀರ ಕ್ಯಾನ್ಸರ್ ತಪ್ಪಿಹೋಗುವುದು ಕಡಿಮೆಯಾಯಿತೆಂದೂ, ಹುಸಿ ಗಾಬರಿ ಸ್ವಲ್ಪ ಹೆಚ್ಚಿತೆಂದೂ ಕಂಡುಕೊಂಡಿತು.

ಹೊಸ ಬೆಳವಣಿಗೆಗಳು

ಗ್ಯಾಡೊಲಿನಿಯಮ್ ಇಲ್ಲದೆ ಮೊದಲ ಎರಡು ಬಗೆಯ ಚಿತ್ರಗಳಲ್ಲೇ ಮುಗಿಸುವ ಬೈಪ್ಯಾರಾಮೆಟ್ರಿಕ್ ಎಂಆರ್‌ಐ ಸಮಯವನ್ನೂ ವೆಚ್ಚವನ್ನೂ ಉಳಿಸುತ್ತದೆ. 2025ರಲ್ಲಿ ಪ್ರಕಟವಾದ ಪ್ರೈಮ್ ಅಧ್ಯಯನದಲ್ಲಿ ಎರಡೂ ವಿಧಾನಗಳು ಸರಿಸುಮಾರು ಶೇ. 29 ಮಂದಿಯಲ್ಲಿ ಗಂಭೀರ ಕ್ಯಾನ್ಸರನ್ನು ಪತ್ತೆಹಚ್ಚಿದವು. ಚಿತ್ರದ ಗುಣಮಟ್ಟ ಚೆನ್ನಾಗಿರಬೇಕೆಂಬ ಷರತ್ತು ಇದಕ್ಕಿದೆ. 29 ಮೆಗಾಹರ್ಟ್ಜ್ ತರಂಗ ಬಳಸುವ ಮೈಕ್ರೊ ಅಲ್ಟ್ರಾಸೌಂಡ್ ಎಂಆರ್‌ಐ ಸಿಗದ ಕಡೆ ನೆರವಾಗಬಹುದು. ಕೃತಕ ಬುದ್ಧಿಮತ್ತೆ ಎಂಆರ್‌ಐ ಓದುವಲ್ಲಿಯೂ ಮುಂದೆ ಬಂದಿದೆ. 2024ರ ಪೈ-ಕಾಯ್ ಅಧ್ಯಯನದಲ್ಲಿ 400 ಪ್ರಕರಣಗಳನ್ನು ಓದಿದ 62 ರೇಡಿಯಾಲಜಿಸ್ಟರ ಸರಾಸರಿಗಿಂತ ಕಂಪ್ಯೂಟರ್ ವ್ಯವಸ್ಥೆ ಉತ್ತಮ ಸಾಧನೆ ತೋರಿತು.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಸರ್ಕಾರದ ಪಿಎಸ್‌ಎ ತಪಾಸಣಾ ಕಾರ್ಯಕ್ರಮವಿಲ್ಲ. ಮೂಳೆನೋವು ಅಥವಾ ಮೂತ್ರ ಕಟ್ಟುವ ತೊಂದರೆಯಿಂದ ರೋಗ ಮುಂದುವರಿದ ಮೇಲೆ ಆಸ್ಪತ್ರೆಗೆ ಬರುವವರೇ ಇಲ್ಲಿ ಹೆಚ್ಚು. ಕಡಿಮೆ ಅಪಾಯದ ಕ್ಯಾನ್ಸರ್ ಪತ್ತೆಯಾಗುವುದು ಬಹುಪಾಲು ನಗರಗಳ ಹೆಲ್ತ್ ಚೆಕಪ್ ಪ್ಯಾಕೇಜುಗಳಲ್ಲಿ ಸೇರಿರುವ ಪಿಎಸ್‌ಎಯಿಂದ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ 1982ರಿಂದ ನಡೆದುಬಂದಿರುವ ಕ್ಯಾನ್ಸರ್ ನೋಂದಣಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ನಗರದ ಗಂಡಸರ ಪ್ರಮುಖ ಕ್ಯಾನ್ಸರುಗಳ ಸಾಲಿನಲ್ಲಿದೆ, ಅದರ ಪ್ರಮಾಣ ಏರುತ್ತಲೂ ಇದೆ. ದೊಡ್ಡ ನಗರಗಳಲ್ಲಿ 3 ಟೆಸ್ಲಾ ಎಂಆರ್‌ಐಯೂ ಪಿಎಸ್‌ಎಂಎ ಪೆಟ್ ಕೂಡ ಸಿಗುತ್ತವೆ. ಜಿಲ್ಲಾ ಮಟ್ಟದಲ್ಲಿ ಯಂತ್ರಕ್ಕಿಂತ ಪ್ರಾಸ್ಟೇಟ್ ಎಂಆರ್‌ಐ ಓದಿ ಪಳಗಿದ ಕಣ್ಣಿನ ಕೊರತೆಯೇ ದೊಡ್ಡದು.

ಅಮೆರಿಕದಲ್ಲಿ ಕಡಿಮೆ ಅಪಾಯದವರಲ್ಲಿ ಸಕ್ರಿಯ ನಿಗಾ ಆರಿಸಿಕೊಂಡವರು 2014ರಲ್ಲಿ ಶೇ. 27ರಷ್ಟಿದ್ದದ್ದು 2021ಕ್ಕೆ ಸುಮಾರು ಶೇ. 60ಕ್ಕೆ ಏರಿತು. ನಮ್ಮಲ್ಲಿ ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದೊಡನೆ ಮನೆಮಂದಿಯೆಲ್ಲ ಆದಷ್ಟು ಬೇಗ ಆಪರೇಷನ್ ಮಾಡಿಸಿಬಿಡೋಣ, ಇರುವ ಸ್ಕ್ಯಾನೆಲ್ಲ ಮಾಡಿಸೋಣ ಎನ್ನುವುದು ಸಹಜ. ಅದು ಪ್ರೀತಿಯಿಂದ ಬಂದ ಆತುರ, ಆದರೆ ಈ ರೋಗದಲ್ಲಿ ಆತುರ ಬೇಕಿಲ್ಲ. ಕಡಿಮೆ ಅಪಾಯದ ವರದಿ ಬಂದವರು ವೈದ್ಯರನ್ನು ಮೂರು ಪ್ರಶ್ನೆ ಕೇಳಬೇಕು: ನನ್ನ ದರ್ಜೆ ಎಷ್ಟು? ಪಿಎಸ್‌ಎ ಸಾಂದ್ರತೆ ಎಷ್ಟು? ಅನುಭವಿ ರೇಡಿಯಾಲಜಿಸ್ಟ್ ಓದಿದ ಎಂಆರ್‌ಐಯಲ್ಲಿ ಪೈ-ರಾಡ್ಸ್ ಎಷ್ಟು? ಈ ಮೂರಕ್ಕೂ ಸಮಾಧಾನಕರ ಉತ್ತರ ಸಿಕ್ಕರೆ ಪೆಟ್ ಸ್ಕ್ಯಾನಿನ ಖರ್ಚು ಬೇಡ, ಆಪರೇಷನ್ನಿನ ಅವಸರವೂ ಬೇಡ. ಆದರೆ ಗೊತ್ತುಮಾಡಿದ ದಿನಕ್ಕೆ ಪಿಎಸ್‌ಎ ಮತ್ತು ಎಂಆರ್‌ಐ ಮಾಡಿಸುವುದನ್ನು ಮಾತ್ರ ಎಂದೂ ತಪ್ಪಿಸಬೇಡಿ.